ಬ್ರೇಕಮ್ಮ ಮತ್ತು ಒಂಬತ್ತನೇ ಕಾಲಂ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಕೆಳಗೆ. ಮೊದಲನೆಯದು ಹೆಸರಿಗೆ, ಎರಡನೆಯದು ಪ್ರಾಣಕ್ಕೆ ಎಂದು ಆಕೆ ಹೇಳುತ್ತಿದ್ದಳು. ಇಪ್ಪತ್ತಾರು ವರ್ಷ ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೊಟ್ಟೆ ಹೊರೆದವಳನ್ನು ಊರು ಬ್ರೇಕಮ್ಮ ಎಂದು ಕರೆದದ್ದರಲ್ಲಿ ತಪ್ಪೇನೂ ಇಲ್ಲ. ಅವಳ ನಿಜವಾದ ಹೆಸರು ಲೈಸೆನ್ಸ್ ಕಚೇರಿಯವರಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಕಲಿಯುವವರು ಬ್ರೇಕು ಒತ್ತಬೇಕು ಎಂದು ಯೋಚಿಸುವ ಮೊದಲೇ ಅವಳು ಒತ್ತಿಬಿಡುತ್ತಿದ್ದಳು. ಕಾರಿನಲ್ಲಾದರೆ ಇದು ಒಳ್ಳೆಯ ಗುಣ. ತೊಂದರೆ ಏನೆಂದರೆ ಕಾರಿನಿಂದ ಇಳಿದ ಮೇಲೂ ಅವಳು ಹಾಗೇ ಇದ್ದಳು. ಪಕ್ಕದ ಮನೆಯಾಕೆಯ ಜೊತೆ ಆಸ್ಪತ್ರೆಗೆ ಹೋದರೆ, ಡಾಕ್ಟರು "ಎಲ್ಲಮ್ಮಾ ನೋವು?" ಎಂದು ಕೇಳಿ ಮುಗಿಸುವಷ್ಟರಲ್ಲಿ "ಬಲಮಂಡಿ ಡಾಕ್ಟ್ರೇ, ಮೆಟ್ಲು ಹತ್ತುವಾಗ" ಎಂದು ಉತ್ತರ ಇವಳ ಬಾಯಿಂದ ಬಂದಿರುತ್ತಿತ್ತು. ಪಕ್ಕದ ಮನೆಯಾಕೆಗೆ ನೋವಿದ್ದದ್ದು ಎಡಮಂಡಿ. ಪಾಪ, ಆಕೆ ಒಂದು ವಾರ ಬಲಮಂಡಿಗೇ ಎಣ್ಣೆ ತಿಕ್ಕಿಕೊಂಡಳಂತೆ.

ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮುಂದುಗಡೆ ಸ್ಕೂಲಿನ ಆಫೀಸು, ನಡುವೆ ಒಂದು ಕೋಣೆ ಮತ್ತು ಅಡುಗೆಮನೆ, ಹಿಂದುಗಡೆ ಗಂಡ ಜೋಡಿಸಿಟ್ಟ ಹಳೆಯ ಟೈರುಗಳ ರಾಶಿ. ಮನೆ ಬಣಗುಡುತ್ತಿದ್ದ ಆ ದಿನಗಳಲ್ಲಿ ಅವಳು ಮಕ್ಕಳ ಇಲಾಖೆಗೆ ಹೋಗಿ ತಾತ್ಕಾಲಿಕ ಪೋಷಕರ ಪಟ್ಟಿಗೆ ಹೆಸರು ಬರೆಸಿದಳು. ಇದು ದತ್ತು ಅಲ್ಲ. ಹೆತ್ತವರಿಲ್ಲದ, ಇದ್ದರೂ ನೋಡಿಕೊಳ್ಳಲಾಗದ ಮಕ್ಕಳು ಇಲಾಖೆಯ ಸುಪರ್ದಿಯಲ್ಲೇ ಇರುತ್ತಾರೆ. ಬೆಳೆಯುವುದು ಮಾತ್ರ ಇಂಥ ಮನೆಗಳಲ್ಲಿ. ಮೊದಲು ಬಂದ ಮಗು ಎರಡು ವರ್ಷವಿದ್ದು ಅಜ್ಜಿಯ ಹತ್ತಿರ ಹೋಯಿತು. ಎರಡನೆಯದು ಒಂಬತ್ತು ತಿಂಗಳಿಗೇ ಮಾವನ ಮನೆ ಸೇರಿತು. ಎರಡು ಸಲವೂ ಬ್ರೇಕಮ್ಮ ನಗುನಗುತ್ತಾ ಬೀಳ್ಕೊಟ್ಟು, ಆಮೇಲೆ ಕಾರಿನಲ್ಲಿ ಒಬ್ಬಳೇ ಕೂತು ಅತ್ತಿದ್ದಳು. ಮೂರನೆಯವಳಾಗಿ ಬಂದದ್ದು ಹೂಂಮರಿ.

ಬಂದಾಗ ಅವಳಿಗೆ ಒಂಬತ್ತು ವರ್ಷ. ತಾಯಿ ತೀರಿಕೊಂಡಿದ್ದಳು, ತಂದೆ ಎಲ್ಲಿದ್ದಾನೆಂದು ಬಲ್ಲವರಿರಲಿಲ್ಲ. ಮೊದಲ ಮೂರು ತಿಂಗಳು ಅವಳ ಬಾಯಿಂದ ಬಂದದ್ದು ಒಂದೇ ಶಬ್ದ. ಊಟ ಮಾಡ್ತೀಯಾ? ಹೂಂ. ಸಾಕಾ? ಹೂಂ. ಫ್ಯಾನ್ ಹಾಕ್ಲಾ? ಹೂಂ. ಆರಿಸ್ಲಾ? ಹೂಂ. ಹೀಗೆ ಎಲ್ಲದಕ್ಕೂ ಹೂಂಗುಟ್ಟುವ ಮಗುವಿನ ಜೊತೆ, ಕೇಳುವ ಮೊದಲೇ ಉತ್ತರ ಹೇಳುವ ಹೆಂಗಸು. ಈಡು ಜೋಡು ಚೆನ್ನಾಗಿಯೇ ಇತ್ತು. ನಿಧಾನಕ್ಕೆ ಹುಡುಗಿ ಮಾತು ಕಲಿತಳು, ದೊಡ್ಡಮ್ಮ ಎಂದು ಕರೆಯತೊಡಗಿದಳು, ಆಫೀಸಿನ ಗೋಡೆಯ ಮೇಲಿನ ರಸ್ತೆ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ತಪ್ಪು ಹೇಳುವ ದೊಡ್ಡವರನ್ನು ಕಿಸಕ್ಕನೆ ನಗುತ್ತಾ ತಿದ್ದುವಂತಾದಳು. ಹೆಸರು ಮಾತ್ರ ಹೂಂಮರಿ ಎಂದೇ ಉಳಿಯಿತು.

ಅವಳಿಗೊಬ್ಬಳು ತಂಗಿ, ಐದು ವರ್ಷ ಚಿಕ್ಕವಳು. ಬ್ರೇಕಮ್ಮನ ಹೆಸರಿನ ಮುಂದೆ ಪಟ್ಟಿಯಲ್ಲಿ 'ಒಂದು ಕೋಣೆ, ಒಂದು ಮಗು' ಎಂದಿದ್ದುದರಿಂದ ತಂಗಿಯನ್ನು ಊರಿನ ಇನ್ನೊಂದು ತುದಿಯಲ್ಲಿ ವಯಸ್ಸಾದ ದಂಪತಿಗಳ ಮನೆಗೆ ಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ, ಇಲಾಖೆಯ ಭೇಟಿ ಕೋಣೆಯಲ್ಲಿ, ಗೋಡೆ ಗಡಿಯಾರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕತಂಗಿಯರಿಗೆ ಒಂದು ಗಂಟೆ. ಆ ಒಂದು ಗಂಟೆಗಾಗಿ ಹೂಂಮರಿ ಗುರುವಾರದಿಂದಲೇ ಬಟ್ಟೆ ತೆಗೆದಿಡುತ್ತಿದ್ದಳು.

ಇನ್ನು ಫಾರಂ ವಿಷಯ. ಪ್ರತಿ ತಿಂಗಳ ಮೊದಲ ಸೋಮವಾರ ಪೋಷಕ ತಾಯಂದಿರೆಲ್ಲ ಇಲಾಖೆಯ ಪಡಸಾಲೆಯ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತು ನಾಲ್ಕು ಪುಟದ ವರದಿ ತುಂಬಬೇಕಿತ್ತು. ತೂಕ, ಎತ್ತರ, ಶಾಲೆ, ಲಸಿಕೆ, ಹೀಗೆ. ಒಂಬತ್ತನೇ ಕಾಲಂ 'ಮಗುವಿನ ಅಭಿಪ್ರಾಯ'. ಮೊದಲ ಸಲ ಆ ಕಾಲಮಿಗೆ ಬಂದಾಗ ಬ್ರೇಕಮ್ಮ ತಲೆಯೆತ್ತಿ ಪಕ್ಕದವರನ್ನು ಕೇಳಿದ್ದಳು. ಬೆಂಚಿನ ಹಿರಿಯಾಕೆ, ಹದಿನೇಳು ಮಕ್ಕಳನ್ನು ಸಾಕಿದವಳು, ಕನ್ನಡಕದ ಮೇಲಿಂದ ನೋಡಿ ಹೇಳಿದಳು:

"ಏನೂ ಇಲ್ಲ ಅಂತ ಬರೀರಿ. ಖಾಲಿ ಬಿಟ್ರೆ ವಾಪಸ್ ಕೊಡ್ತಾರೆ. ಏನಾದ್ರೂ ಬರೆದ್ರೆ ವಿವರ ಕೇಳ್ತಾರೆ. ಏನೂ ಇಲ್ಲ ಅಂದ್ರೆ ಎಲ್ರಿಗೂ ನೆಮ್ಮದಿ."

ಅದು ಆ ಬೆಂಚಿನ ಶಾಸ್ತ್ರ. ಒಂದೇ ನೀಲಿ ಪೆನ್ನು ಈ ತುದಿಯಿಂದ ಆ ತುದಿಗೆ ಕೈದಾಟುತ್ತಿತ್ತು, ಎಲ್ಲರೂ ಏನೂ ಇಲ್ಲ ಎಂದು ಬರೆಯುತ್ತಿದ್ದರು. ಕೆಟ್ಟವರೆಂದಲ್ಲ. ಹೊಟ್ಟೆಬಟ್ಟೆಗೆ ಕಡಿಮೆ ಮಾಡದೆ ಸಾಕುವವರೇ. ಮಗುವಿಗೆ ಹೊಟ್ಟೆ ತುಂಬಿದೆ, ಶಾಲೆಗೆ ಹೋಗುತ್ತಿದೆ, ಇನ್ನೇನು ಅಭಿಪ್ರಾಯ? ಬ್ರೇಕಮ್ಮನೂ ಹಾಗೇ ಅಂದುಕೊಂಡಿದ್ದಳು. ಎಲ್ಲರ ಉತ್ತರವನ್ನೂ ತಾನೇ ಹೇಳುವವಳಿಗೆ ಇದೊಂದು ಕಾಲಂ ಯಾವ ಲೆಕ್ಕ!

ಹೂಂಮರಿಗೆ ಹನ್ನೊಂದು ತುಂಬಿದ ಮರುವಾರ ಕಾಗದ ಬಂತು. ಹನ್ನೊಂದು ದಾಟಿದ ಮಕ್ಕಳನ್ನು ವಿದ್ಯಾಭ್ಯಾಸದ ಅನುಕೂಲಕ್ಕಾಗಿ ವಸತಿ ಶಾಲೆಗೆ ವರ್ಗಾಯಿಸಲು ಇಲಾಖೆ ತೀರ್ಮಾನಿಸಿದೆ, ಸದರಿ ಮಗುವನ್ನು ಇಪ್ಪತ್ತು ದಿನಗಳೊಳಗೆ ಒಪ್ಪಿಸತಕ್ಕದ್ದು, ಮಗುವಿನಿಂದ ಯಾವ ಆಕ್ಷೇಪಣೆಯೂ ಬಂದಿರುವುದಿಲ್ಲ. ವಸತಿ ಶಾಲೆ ಇದ್ದದ್ದು ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ.

ಹುಡುಗಿ ದೊಡ್ಡಮ್ಮನ ಭುಜದ ಮೇಲಿಂದ ಇಣುಕಿ ಪೂರ್ತಿ ಓದಿದಳು. ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಶನಿವಾರ ನಾನು ಹೆಂಗೆ ಬರೋದು?"

ಬ್ರೇಕಮ್ಮ ಕಾಗದ ಮಡಿಸಿದಳು. "ನೀನು ಸುಮ್ನಿರು. ನಾನು ನೋಡ್ಕೋತೀನಿ" ಎಂದಳು.

"ಹೂಂ" ಎಂದಳು ಹುಡುಗಿ. ಎಷ್ಟೋ ತಿಂಗಳ ಮೇಲೆ ಬಂದ ಆ ಹಳೆಯ ಹೂಂ ಕೇಳಿ ಬ್ರೇಕಮ್ಮ ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿ ಓದಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೇ ಅವಳು ಇಲಾಖೆಯ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದಳು. ಒಬ್ಬನೇ ಮನುಷ್ಯನ ತಲೆಯ ಮೇಲೆ ಇನ್ನೂರು ಫೈಲು. ಮೇಜಿನ ಮೇಲೆ ಜಾಗ ಸಾಲದೆ ಕಿಟಕಿಯಲ್ಲೂ ಪೇರಿಸಿಟ್ಟಿದ್ದ. "ಮಗುನ ಕೇಳ್ದೇ ಹೆಂಗೆ ಸರ್ ಕಳಿಸ್ತೀರಿ?" ಎಂದು ಅವಳು ದನಿ ಏರಿಸಿದ್ದೇ ತಡ, ಅವನು ಒಂದು ಫೈಲು ಎಳೆದು, ಒಂದೊಂದೇ ಹಾಳೆ ತಿರುವಿ ತೋರಿಸಿದ.

"ನೋಡಿಯಮ್ಮಾ. ಇಪ್ಪತ್ತಮೂರು ತಿಂಗಳು. ಇಪ್ಪತ್ತಮೂರು ಸಲ ಮಗು ಅಭಿಪ್ರಾಯ ಏನೂ ಇಲ್ಲ ಅಂತ ಹೇಳಿದೆ. ಇಷ್ಟು ಸಲ ಕೇಳಿದ ಮೇಲೂ ಕೇಳಿಲ್ಲ ಅಂದ್ರೆ ಹೆಂಗೆ?"

ಇಪ್ಪತ್ತಮೂರು ಹಾಳೆಯಲ್ಲೂ ತನ್ನದೇ ದುಂಡಗಿನ ಅಕ್ಷರ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು, ಅದೂ ತಿಂಗಳಿಗೊಂದರಂತೆ. ನಮಸ್ಕಾರ ಹೇಳುವುದನ್ನೂ ಮರೆತು ಹೊರಗೆ ಬಂದಳು.

ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ ಎನ್ನುವವರು ಎನ್ನಲಿ. ಬ್ರೇಕಮ್ಮನ ಪಾಲಿಗೆ ತೆರೆದದ್ದು ಕಾರಿನ ಬಾಗಿಲು. ಆ ಸಂಜೆ ಐದರ ಪಾಠಕ್ಕೆ ಬರುತ್ತಿದ್ದದ್ದು ಒಬ್ಬ ವಕೀಲಮ್ಮ. ಇಪ್ಪತ್ತೊಂಬತ್ತು ವರ್ಷದ ಚುರುಕು ಹೆಣ್ಣು. ಕೋರ್ಟಿನಲ್ಲಿ ಎಂಥವರನ್ನೂ ಮಣ್ಣು ಮುಕ್ಕಿಸುತ್ತಾಳೆಂದು ಹೆಸರಿತ್ತು. ಸ್ಟೇರಿಂಗಿನ ಮುಂದೆ ಮಾತ್ರ ಸೋತು, ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ರಿವರ್ಸ್ ಗೇರ್ ಅಂದರೆ ಅವಳಿಗೆ ಜ್ವರ ಬರುತ್ತಿತ್ತು.

"ಏನ್ ಮೇಡಂ, ಇವತ್ತು ನನ್ನ ಒಂದ್ಸಲನೂ ಬೈಲಿಲ್ಲ?" ಎಂದಳು ವಕೀಲಮ್ಮ, ಎರಡನೇ ತಿರುವು ದಾಟಿದ ಮೇಲೆ.

ಬ್ರೇಕಮ್ಮ ಎಲ್ಲ ಹೇಳಿದಳು. ಕಾಗದದ ವಿಷಯ, ಬೆಂಚಿನ ವಿಷಯ, ಇಪ್ಪತ್ತಮೂರು ಹಾಳೆಯ ವಿಷಯ. ಹೇಳಿ ಮುಗಿಯುವಷ್ಟರಲ್ಲಿ ಕಾರು ಮೆತ್ತಗೆ, ಅಲ್ಲಾಡದೆ, ರಸ್ತೆಯ ಅಂಚಿಗೆ ಹೋಗಿ ನಿಂತಿತು.

"ನಾನು ಒತ್ತಲಿಲ್ಲ. ಮೊದಲನೇ ಸಲ ನೀವೇ ಬ್ರೇಕ್ ಹಾಕಿದ್ರಿ" ಎಂದಳು ಬ್ರೇಕಮ್ಮ, ಅಷ್ಟು ದುಃಖದಲ್ಲೂ.

ವಕೀಲಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಮೇಡಂ, ಅವ್ರು ಮಾಡ್ತಿರೋದು ತಪ್ಪು. ಒಂದು ಮನೆಯಿಂದ ಇನ್ನೊಂದು ಕಡೆ ಕಳಿಸೋ ಮುಂಚೆ ಮಕ್ಕಳ ಸಮಿತಿ ಆ ಮಗುನ ಎದುರಿಗೆ ಕೂರಿಸ್ಕೊಂಡು ಕೇಳ್ಬೇಕು. ಫಾರಂ ನೋಡಿದ್ರೆ ಸಾಲ್ದು. ಅಕ್ಕತಂಗಿ ಇದ್ರೆ ಒಟ್ಟಿಗೆ ಇಡೋಕೆ ನೋಡ್ಬೇಕು. ಆಗಲ್ಲ ಅಂದ್ರೆ ಯಾಕಾಗಲ್ಲ ಅಂತ ಬರೆದು ತೋರಿಸ್ಬೇಕು. ಮಗುಗೆ ಅಂತ ಬೇರೆ ವಕೀಲರು ಇರಬಹುದು, ಬಿಡಿಗಾಸು ಕೊಡ್ಬೇಕಾಗಿಲ್ಲ. ಇದೆಲ್ಲ ಯಾರೋ ಕರುಣೆ ತೋರಿಸಿ ಕೊಡೋದಲ್ಲ, ಅವಳ ಹಕ್ಕು."

"ಹಾಗಾದ್ರೆ ನಾನು ಹೋಗಿ ಸಮಿತಿಗೆ ಹೇಳ್ತೀನಿ..."

"ನೀವು ಹೇಳೋ ಹಾಗಿಲ್ಲ. ಅವಳು ಹೇಳ್ಬೇಕು." ವಕೀಲಮ್ಮ ದನಿ ತಗ್ಗಿಸಿದಳು. "ಇನ್ನೊಂದು ವಿಷಯ. ಫಾರಂ ನಿಮ್ಮ ಕೈಬರಹದ್ದು ಅಂತ ಒಪ್ಕೊಂಡ್ರೆ ಸುಳ್ಳು ವರದಿ ಅಂತ ಪಟ್ಟಿಯಿಂದ ನಿಮ್ಮ ಹೆಸರು ತೆಗೀಬಹುದು. ಆಮೇಲೆ ಯಾವ ಮಗುನೂ ನಿಮಗೆ ಕೊಡಲ್ಲ, ಇವಳನ್ನೂ ಸೇರಿ. ಒಪ್ಕೊಳ್ದಿದ್ರೆ ಇಪ್ಪತ್ತಮೂರು ಸಲ ಏನೂ ಇಲ್ಲ ಅಂದ ಮಗು ಈಗ ಯಾರೋ ಹೇಳಿಕೊಟ್ಟಿದ್ದನ್ನ ಒಪ್ಪಿಸ್ತಿದೆ ಅಂತಾರೆ."

ಅತ್ತ ದರಿ, ಇತ್ತ ಪುಲಿ. ವಕೀಲಮ್ಮ ಗಾಡಿ ಹೊರಡಿಸಿ, ಬಂದ ದಾರಿಯಲ್ಲೇ ತಿರುಗಿಸಿದಳು.

ಮರುದಿನ ವಕೀಲಮ್ಮ ಹೂಂಮರಿಯನ್ನು ನೋಡಲು ಬಂದಳು. ಮನೆಯ ಮುಂದೆ ನಿಂತ ಕಾರಿನಲ್ಲಿ ಇಬ್ಬರೂ ಕೂತು ಗಾಜು ಏರಿಸಿಕೊಂಡರು. ಐವತ್ತು ನಿಮಿಷ! ಬ್ರೇಕಮ್ಮ ಬಾಗಿಲ ಮೆಟ್ಟಿಲನ್ನು ಮೂರು ಸಲ ಗುಡಿಸಿದಳು, ನಾಲ್ಕನೆಯ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒಳಗೆ ಹುಡುಗಿಯ ಕೈಗಳು ಏನನ್ನೋ ಅಳೆದು ತೋರಿಸುತ್ತಿದ್ದವು. ಬಾಯಿ ಆಡುತ್ತಲೇ ಇತ್ತು. ಇಷ್ಟೊಂದು ಮಾತು ಆ ಪುಟ್ಟ ಹೊಟ್ಟೆಯಲ್ಲಿ ಎಲ್ಲಿತ್ತು?

ವಕೀಲಮ್ಮ ಇಳಿದ ತಕ್ಷಣ ಬ್ರೇಕಮ್ಮ ಅಡ್ಡಗಟ್ಟಿದಳು. "ಏನಂದ್ಲು?"

"ಅದು ನನ್ನ ಕಕ್ಷಿದಾರಳ ವಿಷಯ ಮೇಡಂ. ನಿಮಗೆ ಹೇಳೋ ಹಾಗಿಲ್ಲ."

"ಕಕ್ಷಿದಾರಳಂತೆ! ಇವತ್ತು ಬೆಳಿಗ್ಗೆ ಅವಳ ಕಾಲುಚೀಲ ಹುಡುಕಿ ಕೊಟ್ಟಿದ್ದು ನಾನು."

ಕಕ್ಷಿದಾರಳು ಕಾರಿನಿಂದ ಇಳಿದು, ದೊಡ್ಡಮ್ಮನ ಮುಖ ನೋಡದೆ, ಕುಣಿಯುತ್ತಾ ಒಳಗೆ ಹೋದಳು. ಆ ರಾತ್ರಿ ಬ್ರೇಕಮ್ಮನಿಗೆ ಒಂದು ಅನುಮಾನ ಹತ್ತಿತು. ಹುಡುಗಿಗೆ ಈ ಮನೆ ಬೇಡವಾಗಿದ್ದರೆ? ಎರಡು ವರ್ಷ ತಾನು ಒಂದು ದಿನವೂ ಕೇಳಿಲ್ಲ. ಯಾವತ್ತೂ ಕೇಳದವಳಿಗೆ ಉತ್ತರ ಹೇಗೆ ಗೊತ್ತಿರಬೇಕು?

ವಕೀಲಮ್ಮನ ಅರ್ಜಿಯ ಮೇಲೆ ಸಮಿತಿ ಹನ್ನೆರಡನೇ ದಿನ ಕರೆಯಿತು. ಎರಡನೇ ಮಹಡಿಯ ಕೋಣೆ. ಉದ್ದ ಮೇಜು, ಅದರ ಹಿಂದೆ ಮೂವರು. ನಡುವೆ ಅಧ್ಯಕ್ಷೆ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ, ಬಿಳಿ ತಲೆಗೂದಲಿನ ಹೆಂಗಸು. ಪಕ್ಕಗಳಲ್ಲಿ ಇಬ್ಬರು ಸದಸ್ಯರು. ಮೇಜಿನ ಕೊನೆಯಲ್ಲಿ ಫೈಲು ಹಿಡಿದ ಅಧಿಕಾರಿ. ಹುಡುಗಿಗೆ ದೊಡ್ಡವರ ಕುರ್ಚಿ ಎತ್ತರವಾಗಿ ಕಾಲು ನೇತಾಡುತ್ತಿತ್ತು. ಅಧ್ಯಕ್ಷೆ ಅದನ್ನು ಗಮನಿಸಿ, ಕಾಲಿಡಲು ಒಂದು ಮರದ ಪೆಟ್ಟಿಗೆ ತರಿಸಿದರು.

"ನಿನ್ನ ಜೊತೆ ಯಾರು ಇರಬೇಕು, ಯಾರು ಇರಬಾರದು, ಅದನ್ನ ನೀನು ಹೇಳಮ್ಮ" ಎಂದರು ಅಧ್ಯಕ್ಷೆ.

ಹುಡುಗಿ ಯೋಚಿಸಿದಳು. "ವಕೀಲಕ್ಕ ಇರ್ಲಿ. ದೊಡ್ಡಮ್ಮನೂ ಇರ್ಲಿ. ಆದ್ರೆ ಅವ್ರು ಹಿಂದೆ ಕೂತ್ಕೊಳ್ಲಿ. ಪಕ್ಕದಲ್ಲಿ ಕೂತ್ರೆ ಅವ್ರೇ ಎಲ್ಲಾ ಹೇಳ್ಬಿಡ್ತಾರೆ."

ಒಬ್ಬ ಸದಸ್ಯರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಬ್ರೇಕಮ್ಮ ಎದ್ದು, ಹಿಂದಿನ ಗೋಡೆಗೆ ಒತ್ತಿದ್ದ ಕುರ್ಚಿಯಲ್ಲಿ ಹೋಗಿ ಕೂತಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತದ್ದೇ ಇಲ್ಲ.

ಅಧಿಕಾರಿ ಫೈಲು ಓದಿದ. ಇಪ್ಪತ್ತಮೂರು ವರದಿ, ಇಪ್ಪತ್ತಮೂರು ಸಲ ಅಭಿಪ್ರಾಯ ಏನೂ ಇಲ್ಲ. ಅಧ್ಯಕ್ಷೆ ಒಂದು ಹಾಳೆಯನ್ನು ಹುಡುಗಿಯ ಮುಂದೆ ಸರಿಸಿದರು. ಅವಳು ಬಗ್ಗಿ ನೋಡಿ ತಲೆಯಾಡಿಸಿದಳು.

"ಇದು ನನ್ನ ಅಕ್ಷರ ಅಲ್ಲ. ಈ ಕಾಗದ ನಾನು ಇವತ್ತೇ ನೋಡ್ತಿರೋದು. ನನ್ನ ಯಾರೂ ಕೇಳಿಲ್ಲ."

"ಮತ್ತೆ ಯಾರು ಬರೆದಿದ್ದು?" ಎಂದರು ಅಧ್ಯಕ್ಷೆ.

ಹುಡುಗಿ ಉತ್ತರ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು. ದೊಡ್ಡಮ್ಮನ ದುಂಡಕ್ಷರ ಅವಳ ಪುಸ್ತಕಗಳ ಮೇಲೆಲ್ಲ ಇತ್ತು. ಆದರೂ ತುಟಿ ಬಿಗಿದು ಮೇಜನ್ನೇ ನೋಡುತ್ತಾ ಕೂತಳು. ಕೋಣೆಯಲ್ಲಿ ಯಾರೂ ಹಿಂದಿನ ಕುರ್ಚಿಯ ಕಡೆ ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬ್ರೇಕಮ್ಮನ ಕೈ ತಾನಾಗಿ ಪೆನ್ನು ಹಿಡಿಯುವ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿತು. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ. ಹೆಸರು ಉಳಿದರೆ ನಾಳೆ ಇನ್ನೊಂದು ಮಗು ಬರುತ್ತದೆ. ಆದರೆ ಎದುರಿಗೆ ಕೂತ ಈ ಮಗು ತನ್ನನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದೆ. ಆ ಬೆನ್ನನ್ನು ನೋಡುತ್ತಾ ಕೂರಲು ಅವಳಿಂದ ಆಗಲಿಲ್ಲ.

ಎದ್ದು ನಿಂತಳು. "ನಾನೇ ಬರೆದಿದ್ದು. ಇಪ್ಪತ್ತಮೂರೂ ನಾನೇ. ಒಂದ್ಸಲನೂ ಅವಳನ್ನ ಕೇಳ್ಲಿಲ್ಲ."

"ಇದರ ಪರಿಣಾಮ ಗೊತ್ತಾ ನಿಮಗೆ?" ಎಂದ ಅಧಿಕಾರಿ.

"ಗೊತ್ತು ಸರ್. ನನ್ನ ಹೆಸರು ಬೇಕಾದ್ರೆ ಹೊಡೆದು ಹಾಕಿ. ನಾನು ಮಾಡಿದ ತಪ್ಪಿಗೆ ಅವಳ ಕೈ ಕಟ್ಟಬೇಡಿ. ಅವಳು ಏನು ಹೇಳ್ತಾಳೋ ಅದನ್ನ ಕೇಳಿ. ನನ್ನ ಮನೆ ಬೇಡ ಅಂದ್ರೂ ಸರಿ, ಕೇಳಿ."

ಆಮೇಲೆ ಬೆಂಚಿನ ಶಾಸ್ತ್ರವನ್ನೂ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಅಧ್ಯಕ್ಷೆ ಅಧಿಕಾರಿಯ ಕೋಣೆಯಿಂದ ಕೈಗೆ ಸಿಕ್ಕ ಹತ್ತು ಫೈಲು ತರಲು ಹೇಳಿದರು. ಒಂದೊಂದಾಗಿ ತೆರೆದರು. ಹತ್ತರಲ್ಲೂ ಒಂಬತ್ತನೇ ಕಾಲಂ ಒಂದೇ. ಏನೂ ಇಲ್ಲ. ಶಾಯಿಯೂ ಒಂದೇ ನೀಲಿ. ಅಧಿಕಾರಿಯ ಮುಖ ಹುಳ್ಳಗಾಯಿತು.

"ಮೂವತ್ತೊಂದು ವರ್ಷ ಮಕ್ಕಳ ಜೊತೆ ಏಗಿದೀನಿ" ಎಂದರು ಅಧ್ಯಕ್ಷೆ, ಫೈಲುಗಳನ್ನು ಮುಚ್ಚುತ್ತಾ. "ಹೇಳೋಕೆ ಏನೂ ಇಲ್ಲ ಅನ್ನೋ ಮಗು ನನಗೆ ಒಂದೂ ಸಿಕ್ಕಿಲ್ಲ. ಇಲ್ಲಿ ಮಾತ್ರ ಸಾಲುಸಾಲಾಗಿ ಸಿಕ್ಕಿಬಿಟ್ವಲ್ಲ!" ನಂತರ ಹುಡುಗಿಯ ಕಡೆ ತಿರುಗಿದರು. "ಈಗ ಹೇಳು ಕಂದ. ನಿಧಾನಕ್ಕೆ ಹೇಳು. ನಮಗೇನೂ ಅವಸರ ಇಲ್ಲ."

ಹುಡುಗಿ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತೆರೆದಳು. ಮೊದಲ ಸಾಲಿನಿಂದ ಓದತೊಡಗಿದಳು.

"ನಂಗೆ ಆ ಸ್ಕೂಲಿಗೆ ಹೋಗೋಕೆ ಇಷ್ಟ ಇಲ್ಲ. ಸ್ಕೂಲು ಚೆನ್ನಾಗಿರಬಹುದು. ಆದ್ರೆ ನಮ್ಮಮ್ಮ ಹೋಗುವಾಗ ತಂಗಿ ಕೈ ನನ್ನ ಕೈಗೆ ಕೊಟ್ಟಿದ್ರು. ಈಗ ಅವಳು ಹದಿನೈದು ದಿನಕ್ಕೆ ಒಂದು ಗಂಟೆ ಸಿಗ್ತಾಳೆ. ಅರ್ಧ ಗಂಟೆ ಅವಳು ಕೋಪ ಮಾಡ್ಕೊಂಡಿರ್ತಾಳೆ. ಕೋಪ ಇಳಿಯೋ ಹೊತ್ತಿಗೆ ಟೈಮ್ ಆಗೋಗುತ್ತೆ."

ಅವಳು ಪುಟ ತಿರುವಿದಳು.

"ನಂಗೆ ದೊಡ್ಡಮ್ಮನ ಮನೆ ಬೇಕು. ದೊಡ್ಡಮ್ಮ ಜಾಸ್ತಿ ಮಾತಾಡ್ತಾರೆ, ಆದ್ರೂ ಬೇಕು. ಆದ್ರೆ ತಂಗಿನೂ ಬರ್ಬೇಕು. ಇಬ್ರೂ ಅಲ್ಲಿ ಆಗಲ್ಲ ಅಂದ್ರೆ, ಇಬ್ರನ್ನೂ ಒಟ್ಟಿಗೆ ಇಟ್ಕೊಳ್ಳೋ ಬೇರೆ ಮನೆ ನೋಡಿ."

ಬ್ರೇಕಮ್ಮನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಅಲ್ಲಿ ಬ್ರೇಕಿರಲಿಲ್ಲ. ಕಣ್ಣು ತುಂಬಿ ಬಂತು. ನೋವಾದದ್ದು ನಿಜ. ಅದಕ್ಕಿಂತ ನಿಜವಾದದ್ದು ಹೆಮ್ಮೆ. ಮೂರು ಜನ ದೊಡ್ಡವರ ಮುಂದೆ, ಬೇಕಾದದ್ದನ್ನೂ ಅದಕ್ಕೆ ತೆರಬೇಕಾದ ಬೆಲೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮಗು ತನ್ನ ಮನೆಯಲ್ಲಿ ಬೆಳೆದದ್ದು!

"ಆ ಮನೆಯಲ್ಲಿ ಇರೋದು ಒಂದೇ ಕೋಣೆ. ನಿಯಮದ ಪ್ರಕಾರ..." ಎಂದು ಅಧಿಕಾರಿ ಆರಂಭಿಸಿದ.

"ಎರಡಿದೆ" ಎಂದಳು ಹುಡುಗಿ. "ಹಿಂದ್ಗಡೆ ಟೈರ್ ಇರೋ ಕೋಣೆ. ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ. ನಾನು ಅಳತೆ ಹಾಕಿದೀನಿ. ಕಿಟಕಿ ಇದೆ, ಟೈರ್ ಹಿಂದೆ ಮುಚ್ಕೊಂಡಿದೆ ಅಷ್ಟೆ. ಟೈರ್ ತೆಗೆದ್ರೆ ಎರಡು ಮಂಚ ಹಿಡಿಯುತ್ತೆ." ನೋಟ್‌ಬುಕ್ಕಿನಲ್ಲಿ ಬರೆದ ನಕ್ಷೆಯನ್ನು ಮೇಜಿನ ಮೇಲೆ ತಿರುಗಿಸಿಟ್ಟಳು. ಮಂಚಗಳಿದ್ದವು, ಕಿಟಕಿಯಿತ್ತು. ಬಾಗಿಲ ಹತ್ತಿರ 'ನಿಧಾನವಾಗಿ ಚಲಿಸಿ' ಎಂಬ ಚಿಹ್ನೆಯೂ ಇತ್ತು.

ಅಧ್ಯಕ್ಷೆ ಹಿಂದಿನ ಕುರ್ಚಿಯ ಕಡೆ ನೋಡಿದರು. "ಏನಮ್ಮಾ, ನಿಮಗೆ ಒಪ್ಪಿಗೆನಾ?"

ಬ್ರೇಕಮ್ಮನಿಗೆ ಹೇಳಲು ನೂರು ಮಾತಿತ್ತು. "ಹೂಂ" ಎಂದಳು.

ಅಂದೇ ವರ್ಗಾವಣೆ ರದ್ದಾಯಿತು. ತಂಗಿಯ ವಿಷಯಕ್ಕೆ ಮಾತ್ರ ಎರಡು ವಾರ ಹಿಡಿಯಿತು. ಕೋಣೆ ನೋಡಬೇಕು, ಮತ್ತು ಆ ಚಿಕ್ಕವಳನ್ನೂ ಕೇಳಬೇಕು. ಅಕ್ಕ ಹೇಳಿದಳೆಂದು ತಂಗಿಯನ್ನು ಎತ್ತಿ ತರುವಂತಿಲ್ಲ, ಅವಳಿಗೂ ಬಾಯಿದೆ ಎಂದರು ಅಧ್ಯಕ್ಷೆ. ಚಿಕ್ಕವಳು ಸಮಿತಿಯ ಮುಂದೆ ಕೂತು, ಅವರು ಕೇಳುವ ಮೊದಲೇ ತಾನೇ ಪ್ರಶ್ನೆ ಕೇಳಿದಳಂತೆ: ಅಕ್ಕ ಗೊರಕೆ ಹೊಡೆಯುತ್ತಾಳಾ, ಅಲ್ಲಿ ಬೆಕ್ಕು ಇದೆಯಾ, ಕಾರಿನಲ್ಲಿ ಮುಂದೆ ಕೂರಿಸುತ್ತಾರಾ. ಎಲ್ಲಕ್ಕೂ ಉತ್ತರ ಪಡೆದುಕೊಂಡು, ಹೋಗುತ್ತೇನೆ ಎಂದಳಂತೆ. ಅವಳನ್ನು ಸಾಕಿದ ಅಜ್ಜ ಅಜ್ಜಿಗೆ ಬೇಸರವಾಯಿತು. ಆದರೂ ಭಾನುವಾರಗಳಂದು ಇಬ್ಬರೂ ತಮ್ಮ ಮನೆಗೆ ಬರಬೇಕೆಂದು ಷರತ್ತು ಹಾಕಿ ಒಪ್ಪಿದರು.

ಟೈರುಗಳನ್ನು ಸಾಗಿಸಲು ಬ್ರೇಕಮ್ಮನ ಹಳೆಯ ಶಿಷ್ಯರೇ ಬಂದರು. ಅವಳ ಬೈಗುಳ ತಿಂದು ಲೈಸೆನ್ಸ್ ಪಡೆದ ಬ್ಯಾಂಕಿನವನು, ನರ್ಸಮ್ಮ, ಹಾಲಿನ ವ್ಯಾನಿನವನು. ಅರವತ್ತೆರಡು ಟೈರು ಹೊರಬಿದ್ದವು. ಹುಡುಗಿ ಹೇಳಿದ ಜಾಗದಲ್ಲೇ ಕಿಟಕಿ ಇತ್ತು. ಕೋಣೆ ನೋಡಲು ಅದೇ ಅಧಿಕಾರಿ ಟೇಪು ಹಿಡಿದು ಬಂದ. ಅಳೆದು, ಮತ್ತೊಮ್ಮೆ ಅಳೆದು, "ಹತ್ತಡಿ ಎರಡಿಂಚು" ಎಂದ. "ಎರಡಿಂಚು ನಾನು ಬಿಟ್ಟಿದ್ದೆ, ಗೋಡೆ ಸೊಟ್ಟ ಇದೆ" ಎಂದಳು ಹೂಂಮರಿ. ಅವನು ನಕ್ಕುಬಿಟ್ಟ. ಆ ಮನುಷ್ಯ ನಗುವುದನ್ನು ಇಲಾಖೆಯಲ್ಲಿ ಯಾರೂ ನೋಡಿರಲಿಲ್ಲ.

ಬ್ರೇಕಮ್ಮನ ಹೆಸರು ಪಟ್ಟಿಯಲ್ಲಿ ಉಳಿಯಿತು. ಒಂದು ಎಚ್ಚರಿಕೆ ಪತ್ರ ಕೊಟ್ಟು, ಮೂರು ದಿನ ತರಬೇತಿಗೆ ಕೂರಿಸಿದರು. ಕಲಿಸಿಯೇ ಗೊತ್ತಿದ್ದವಳು ಮೊದಲ ದಿನ ಪಾಠ ಹೇಳುವವನನ್ನೇ ನಾಲ್ಕು ಸಲ ತಿದ್ದಿದಳು, ಮೂರನೇ ದಿನಕ್ಕೆ ಒಂದೇ ಸಲ. ಹೊಸ ತಿಂಗಳಿಂದ ಮಕ್ಕಳು ಬೇರೆ ಕೋಣೆಯಲ್ಲಿ ಕೂತು, ತಮ್ಮದೇ ಪೆನ್ನಿನಲ್ಲಿ ತಮ್ಮ ಕಾಲಂ ತುಂಬಬೇಕೆಂದು ಆದೇಶವಾಯಿತು. ಬೆಂಚಿನ ತಾಯಂದಿರು ಅವಳ ಮೇಲೆ ಉರಿದುಬಿದ್ದರು. ಮೊದಲ ತಿಂಗಳೇ ಒಬ್ಬ ಹುಡುಗ ಎರಡು ಪುಟ ತುಂಬ ಗಣಿತದ ಟ್ಯೂಷನ್ ಮೇಲೆ ದೂರು ಬರೆದಿದ್ದ. ಇನ್ನೊಬ್ಬಳು, ಮೂರು ವರ್ಷದಿಂದ ಎಡಗಿವಿ ಸರಿಯಾಗಿ ಕೇಳುತ್ತಿಲ್ಲ ಎಂದು ಒಂದೇ ಸಾಲು ಬರೆದಿದ್ದಳು. ತನ್ನ ಮನೆಯಲ್ಲೇ ಇದ್ದ ಆ ಹುಡುಗಿಯ ಸಾಲನ್ನು ಓದಿದ ಮೇಲೆ ಹದಿನೇಳು ಮಕ್ಕಳನ್ನು ಸಾಕಿದ ಹಿರಿಯಾಕೆ ಬಹಳ ಹೊತ್ತು ಕನ್ನಡಕ ಒರೆಸಿದಳು. ಆಮೇಲೆ ಬ್ರೇಕಮ್ಮನ ಪಕ್ಕಕ್ಕೆ ಸರಿದು ಕೂತು, "ಒಳ್ಳೇ ಕೆಲಸ ಮಾಡಿದ್ರಿ ಬಿಡಿ" ಎಂದಳು.

ಅಕ್ಕತಂಗಿಯರನ್ನು ಒಟ್ಟಿಗೆ ಇಡುವ ಆದೇಶ ಕೈಗೆ ಬಂದ ದಿನ ಅಧ್ಯಕ್ಷೆ ಅದನ್ನು ಹುಡುಗಿಗೇ ಓದಿ ಹೇಳಿದರು. ಕಷ್ಟದ ಶಬ್ದ ಬಂದಲ್ಲೆಲ್ಲ ನಿಲ್ಲಿಸಿ ಬಿಡಿಸಿದರು. ಒಂದು ಪ್ರತಿಯನ್ನು ಅವಳ ಕೈಗೇ ಕೊಟ್ಟರು. ಅಲ್ಲಿಂದ ಕಾರು ನೇರ ಊರಿನ ಇನ್ನೊಂದು ತುದಿಗೆ ಹೋಯಿತು. ದಾರಿಯುದ್ದಕ್ಕೂ ಹುಡುಗಿ ಆ ಕಾಗದವನ್ನು ಮಡಿಸಲಿಲ್ಲ, ಮಡಿಲ ಮೇಲೆ ಹರಡಿಕೊಂಡೇ ಇದ್ದಳು.

ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಕೈಯಲ್ಲಿ ಒಂದೇ ಒಂದು ಪುಟ್ಟ ಚೀಲ. ಒಳಗೆ ಒಂದು ಜೊತೆ ಬಟ್ಟೆ, ಒಂದು ಬ್ರಷ್ಷು. ಆರು ವರ್ಷಕ್ಕೇ ಮೂರನೇ ಮನೆಗೆ ಹೊರಟವಳು, ಎಲ್ಲಿಗೆ ಹೋಗುವಾಗ ಎಷ್ಟು ಹೊರಬೇಕೆಂದು ಅವಳಿಗೆ ಗೊತ್ತಿತ್ತು.

"ಎಷ್ಟು ದಿನಕ್ಕೆ ಅಕ್ಕಾ?" ಎಂದು ಕೇಳಿದಳು.

ಬ್ರೇಕಮ್ಮ ಬಾಯಿ ತೆರೆದಳು. ಹ್ಞಾಂ, ತೆರೆದಳು. ಆದರೆ ಮಾತಾಡದೆ ಮುಚ್ಚಿದಳು.

ಅಕ್ಕ ಕಾಗದವನ್ನು ತಂಗಿಯ ಮುಖದೆದುರು ಹಿಡಿದಳು. ಕೆಳಗಿನ ಮುದ್ರೆಯನ್ನು ತೋರಿಸಿದಳು. ತನ್ನ ಹೆಸರನ್ನೂ ಪಕ್ಕದಲ್ಲಿದ್ದ ತಂಗಿಯ ಹೆಸರನ್ನೂ ಬೆರಳಿಟ್ಟು ಓದಿಸಿದಳು.

"ದಿನಕ್ಕಲ್ಲ ಕಣೇ. ನಾವಿಬ್ರೂ ಒಟ್ಟಿಗೇ ಇರ್ಬೇಕು, ನಮ್ಮನ್ನ ಕೇಳ್ದೇ ಯಾರೂ ಬೇರೆ ಮಾಡೋ ಹಾಗಿಲ್ಲ ಅಂತ ಇಲ್ಲಿ ಬರೆದಿದೆ. ನಾನೇ ಹೇಳಿ ಬರೆಸಿದ್ದು. ಹೋಗು, ಎಲ್ಲಾ ಬಟ್ಟೆನೂ ತಗೊಂಡ್ ಬಾ."

ಚಿಕ್ಕವಳು ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಚೀಲವನ್ನು ಅಲ್ಲೇ ಎಸೆದು, ಅಜ್ಜಿಯನ್ನು ಕೂಗುತ್ತಾ ಒಳಗೆ ಓಡಿದಳು.